ಮೂಲೆಯಿಲ್ಲದ ಮನೆಗಳು

ಹುಲಿಕೊಳ್ಳ ಪುರಸಭೆ
ಫೆಬ್ರವರಿ ೩೦, ೨೨೧೮
ಒಳಹೊತ್ತು

ಹುಲಿಕೊಳ್ಳ ಪಟ್ಟಣ ಪಂಚಾಯಿತಿಯ ದ್ವಿತೀಯ ದರ್ಜೆ ಸಹಾಯಕಿ ಮಹಾದೇವಿ ಕಮ್ಮಾರ ಅವರಿಗೆ, ಅದೇ ಊರಿನ ಪುರಸಭೆಯ ಅಧ್ಯಕ್ಷೆ ರೇಣವ್ವ ಬಾರಕೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಬುಟ್ಟಿಗೆ ಹಾಕಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟು ಎಪ್ಪತ್ತು ವರ್ಷವಾಯಿತು. ತಿಂಗಳುಗಳ ನಡುವೆಯೂ ತಾರತಮ್ಯ ಬೇಡವೆಂದು ಯಾರಿಗೋ ಅನಿಸಿತ್ತಂತೆ. ಮೇ, ಜುಲೈ, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಮಾತ್ರ ಒಪ್ಪಲಿಲ್ಲ, ಇನ್ನೂ ಮೂವತ್ತೊಂದನ್ನೇ ಹಿಡಿದುಕೊಂಡು ಕೂತಿವೆ. ನನ್ನ ಮಾತುಗಳು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಕಚೇರಿಯ ಹಳೆಯ ಠರಾವು ಪುಸ್ತಕಗಳಿಂದ. ಹಾಗಾಗಿ ನಡುವೆ ಎಲ್ಲಾದರೂ ಸದರಿ, ಮೇಲ್ಕಂಡ ಎಂದು ಬಂದರೆ ಅದು ನಿಮ್ಮವರಿಂದಲೇ ಹತ್ತಿದ ಚಟ ಎಂದು ತಿಳಿಯಿರಿ.

ನಿಮ್ಮನ್ನು ಏನೆಂದು ಕರೆಯಬೇಕೋ ಗೊತ್ತಾಗುತ್ತಿಲ್ಲ. ನೀವು ಇನ್ನೂರು ವರ್ಷ ಹಿಂದಿನವರು. ಆದರೆ ಈ ಪತ್ರ ನಿಮ್ಮ ಮೇಜಿನ ಮೇಲೆ ಬೀಳುವ ದಿನ ನಿಮಗೆ ಇಪ್ಪತ್ತೇಳು, ನನಗೆ ಐವತ್ತೆಂಟು. ಊರೆಲ್ಲ ನಿಮ್ಮನ್ನು ಮಹಾದೇವಕ್ಕ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ.

ಒಳಹೊತ್ತು ಎಂದರೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗಿನ ಸಮಯ. ಆಗ ಬಿಸಿಲಿಗೆ ಯಾರೂ ಹೊರಗೆ ಬರುವಂತಿಲ್ಲ. ಅಂಗಡಿ, ಶಾಲೆ, ಕಚೇರಿ ಎಲ್ಲವೂ ಬಾಗಿಲು ಹಾಕಿಕೊಳ್ಳುತ್ತವೆ, ನಾಲ್ಕಕ್ಕೆ ಸೈರನ್ ಕೂಗಿದ ಮೇಲೆ ಊರು ಮತ್ತೆ ಮೈಮುರಿದು ಏಳುತ್ತದೆ. ಉಳಿದವರು ಆ ಹೊತ್ತಿನಲ್ಲಿ ಮಲಗುತ್ತಾರೆ. ನಾನು ಕೂತಲ್ಲಿ ಕೂರುವ ಹೆಂಗಸಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ನೀರು ಕುಡಿದು ಬಂದೆ, ಒಂದು ಸಲ ಕಿಟಕಿಯ ಚಾಪೆ ಸರಿಸಿ ಗಾಡಿ ನೋಡಿ ಬಂದೆ. ಅಂಗಳದಲ್ಲಿ ನನ್ನ ಟ್ರಂಕು, ಹಾಸಿಗೆ ಸುರುಳಿ, ಕಚೇರಿಯ ಫಲಕ ಹೇರಿದ ತಳ್ಳುಗಾಡಿ ನಿಂತಿದೆ. ಸೈರನ್ ಆದ ಕೂಡಲೇ ಅದು ಹೊರಡಬೇಕು. ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂಬುದನ್ನು ನಾನಿನ್ನೂ ಯಾರಿಗೂ ಹೇಳಿಲ್ಲ, ಯಾಕೆಂದರೆ ನನಗೇ ಗೊತ್ತಿಲ್ಲ. ಆ ಕಥೆ ಹೇಳುವುದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕಾಗದ ಹೇಗೆ ತಲುಪಿತು ಎಂದು ನೀವು ಕೇಳುವುದು ಸಹಜ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಅಧ್ಯಕ್ಷರಾದವರು ತಮ್ಮ ಅವಧಿಯಲ್ಲಿ ಒಂದೇ ಒಂದು ಪತ್ರವನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಕಚೇರಿಯ ಮೆಟ್ಟಿಲ ಪಕ್ಕದ ಬೂದು ಪೆಟ್ಟಿಗೆಯಲ್ಲಿ ಹಾಕಿದರೆ ಅದು ಹೋಗುತ್ತದೆ. ತಲುಪುತ್ತದೋ ಇಲ್ಲವೋ ಯಾರೂ ಹೇಳಲಾರರು. ನನಗಿಂತ ಮೂರು ಅವಧಿ ಮೊದಲಿನ ಅಧ್ಯಕ್ಷರೊಬ್ಬರು ನೂರು ವರ್ಷ ಹಿಂದಿನವರಿಗೆ ಕೆರೆಯನ್ನು ಇನ್ನೆರಡು ಅಡಿ ಆಳ ತೋಡಿ ಎಂದು ಬರೆದರು. ಮರುದಿನ ಕೆರೆಗೆ ಓಡಿಹೋಗಿ ಅಳೆದರೆ ಮೊದಲಿನಿಂದ ಎಷ್ಟು ಆಳವಿತ್ತೋ ಅಷ್ಟೇ ಇತ್ತು. ಪತ್ರ ತಲುಪಿಲ್ಲವೆಂದು ಕೆಲವರು, ತಲುಪಿದ್ದರಿಂದಲೇ ಮೊದಲಿನಿಂದ ಅಷ್ಟು ಆಳವೆಂದು ಕೆಲವರು. ಈ ಜಗಳ ಚಹಾದ ಅಂಗಡಿಯಲ್ಲಿ ಇವತ್ತಿಗೂ ನಡೆದಿದೆ. ನಾನು ನನ್ನ ಒಂದು ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಈಗ ನಿಮಗೆ ಇನ್ನೂ ನಡೆದಿರದ, ನಮಗೆ ನಡೆದು ಎಷ್ಟೋ ಕಾಲವಾದ ಸಂಗತಿ. ನಾಳೆ ನಿಮ್ಮ ಸಾಮಾನ್ಯ ಸಭೆಯಲ್ಲಿ ಆಗಿನ ಅಧ್ಯಕ್ಷರು, ಪಂಚಾಯಿತಿಗೆ ಎಲ್ಲ ವಾರ್ಡುಗಳೂ ಒಂದೇ ಎಂದು ಭಾಷಣ ಮಾಡುತ್ತಾರೆ. ಕೆಳಗಿನ ಕೇರಿಯಿಂದ ಖಾಲಿ ಕೊಡ ಹಿಡಿದು ಬಂದ ಹೆಂಗಸರು ಬಾಗಿಲಲ್ಲಿ ನಿಂತಿರುತ್ತಾರೆ. ನೀರಿನ ಪೈಪು ಅವರ ಕೇರಿಯ ತಿರುವಿನ ತನಕ ಬಂದು ನಿಂತುಬಿಟ್ಟಿದೆ. ಯಾಕೆ ನಿಂತಿತು ಎಂಬುದು ಊರಿಗೆಲ್ಲ ಗೊತ್ತು, ಯಾವ ಕಡತದಲ್ಲೂ ಬರೆದಿಲ್ಲ. ಅವರಲ್ಲಿ ದುರಗವ್ವ ಎಂಬವಳು, ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಒಂದು ಮಾತು ಹೇಳುತ್ತಾಳೆ. ನಮ್ಮ ಮನೆಯಲ್ಲಿ ಅದನ್ನು ಮಕ್ಕಳಿಗೆ ಹೆಸರಿನ ಜೊತೆಗೇ ಕಲಿಸುತ್ತಾರೆ.

“ಅಧ್ಯಕ್ಷರ, ನಮ್ಮನ್ಯಾಗ ಒಂದ್ ತಿಂಗಳ ಇದ್ದು ನೋಡ್ರಿ. ಆಮ್ಯಾಲ ಬಂದು ಇದೇ ಮಾತು ಮತ್ತ ಹೇಳ್ರಿ.”

ಆ ಮನುಷ್ಯ ಹಟಮಾರಿ. ಇರುತ್ತೇನೆ ಎಂದುಬಿಡುತ್ತಾನೆ. ಆದರೆ ಯಾರ ಮನೆಯಲ್ಲಿ ಎಂಬ ಪ್ರಶ್ನೆ ಬಂದಾಗ ಸಭೆ ಗದ್ದಲವಾಗುತ್ತದೆ, ಎಲ್ಲರೂ ತಮ್ಮ ಓಣಿಯೇ ಊರಿಗೆ ಕಡೆ ಎನ್ನುತ್ತಾರೆ. ಆಗ ಮೂಲೆಯ ಮೇಜಿನಲ್ಲಿ ನಡವಳಿ ಬರೆಯುತ್ತಿದ್ದ ನೀವು ಒಂದು ಹಾಳೆಯ ಹಿಂಬದಿಯಲ್ಲಿ ಹದಿಮೂರು ಪ್ರಶ್ನೆ ಬರೆದು ಮುಂದಿಡುತ್ತೀರಿ. ಮನೆಯ ಮೂಲೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ? ಮನೆಯ ಮೂಲೆಯಿಂದ ಬೀದಿದೀಪಕ್ಕೆ ಎಷ್ಟು ಹೆಜ್ಜೆ? ರೇಷನ್ ಅಂಗಡಿಗೆ, ಆಸ್ಪತ್ರೆಗೆ, ನಿಂತ ಗಟಾರಕ್ಕೆ? ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆಯನ್ನೂ ಬರೆಯುತ್ತೀರಿ: ಹೆಜ್ಜೆ ಎಂದರೆ ತುಂಬಿದ ಕೊಡ ಹೊತ್ತ ಹೆಂಗಸಿನ ಹೆಜ್ಜೆ. ಮಹಾದೇವಕ್ಕ, ಆ ಒಂದು ಸೂಚನೆಗಾಗಿ ನಾನು ನಿಮ್ಮ ಕಾಲು ಮುಟ್ಟಬೇಕು. ನಮ್ಮಲ್ಲಿ ಈಗಲೂ ಅಳತೆಗಾರರಿಗೆ ಹೆಜ್ಜೆಗಾರರು ಎಂದೇ ಹೆಸರು. ಗಂಡಸಾದರೂ ಸರಿ, ಪದವಿ ಓದಿದವನಾದರೂ ಸರಿ, ತುಂಬಿದ ಕೊಡ ಹೊತ್ತೇ ನಡೆಯಬೇಕು. ಮೊದಲ ವರ್ಷ ಕೆಲಸಕ್ಕೆ ಸೇರಿದವರ ಅಂಗಿ ಒಣಗಿದ್ದೇ ಇಲ್ಲ.

ಆ ಹಾಳೆಯಿಂದ ಹುಟ್ಟಿದ್ದು ನಮ್ಮ ಕಡೆಮನೆ ನಿಯಮ. ಪ್ರತಿ ವರ್ಷ ಹೆಜ್ಜೆಗಾರರು ಊರೆಲ್ಲ ಅಳೆದು ಯಾವ ಮನೆ ಎಲ್ಲಕ್ಕಿಂತ ಹಿಂದೆ ಬಿದ್ದಿದೆಯೋ ಅದನ್ನು ಗುರುತಿಸುತ್ತಾರೆ. ಫೆಬ್ರವರಿ ಮೂವತ್ತರಂದು ಅಧ್ಯಕ್ಷರು ಗಂಟು ಕಟ್ಟಿಕೊಂಡು ಆ ಮನೆಗೆ ಹೋಗಿ ಒಂದು ವರ್ಷ ಅಲ್ಲೇ ಇರಬೇಕು. ಆ ಮನೆಯ ಮೂಲೆಗೆ ಮೊಳೆ ಹೊಡೆದು ಕಚೇರಿಯ ಫಲಕ ತೂಗುಹಾಕಬೇಕು, ಸಹಿ ಬೇಕಾದವರು ಅಲ್ಲಿಗೇ ಬರಬೇಕು. ಫಲಕ ತೂಗಿದ ಒಂದು ದಿನದೊಳಗೆ ಆ ಜಾಗಕ್ಕೆ ನೀರು, ದೀಪ, ಡಾಕ್ಟರು, ಕಸದ ಗಾಡಿ ತಲುಪಬೇಕು. ಅಧ್ಯಕ್ಷರು ಬೇರೆ ಕಡೆ ಹೋಗಿ ನಿಂತರೆ ಪದವಿ ಹೋಗುತ್ತದೆ. ದುರಗವ್ವನ ಕೇರಿಗೆ ಪೈಪು ತಿರುವು ದಾಟಿ ಬಂದದ್ದು ಹೀಗೆ. ಆಮೇಲೆ ಓಣಿಯಿಂದ ಓಣಿಗೆ ಅಧ್ಯಕ್ಷರುಗಳು ಗಂಟು ಹೊತ್ತು ಅಲೆದಲೆದು, ನಿಮ್ಮ ಕಾಲದಲ್ಲಿ ಯಾವ ಕೇರಿಗೆ ಹೋಗಲು ಅಧಿಕಾರಿಗಳು ಮೂಗು ಮುಚ್ಚುತ್ತಿದ್ದರೋ ಅಲ್ಲಿ ಇವತ್ತು ಮೂಗು ಮುಚ್ಚುವ ಕಾರಣವೇ ಉಳಿದಿಲ್ಲ. ಇದನ್ನು ಓದಿ ನೀವು ಸ್ವಲ್ಪ ಹೊತ್ತು ಹಿಗ್ಗಬಹುದು. ಹಿಗ್ಗಿ, ನಾನು ಕಾಯುತ್ತೇನೆ. ಆಮೇಲೆ ಮುಂದಿನದನ್ನು ಓದಿ.

ನಾನು ಈಗ ಇರುವುದು ಗೌಂಡೇರ ಓಣಿಯ ೭/೧೧೪ನೇ ಮನೆಯಲ್ಲಿ. ಮನೆಯ ಯಜಮಾನ್ತಿ ಜೈತುನಬಿ ನದಾಫ, ಹಾಸಿಗೆ ಹೊಲಿಯುವವಳು, ಗಂಡ ತೀರಿಕೊಂಡಿದ್ದಾನೆ, ಬಾಯಿ ಜೋರು. ನಾನು ಬಂದ ಮೊದಲ ದಿನವೇ, ಅಧ್ಯಕ್ಷರಾದರೆ ಏನಾಯಿತು, ತಟ್ಟೆ ತೊಳೆಯುವ ಕೈ ಮುರಿದಿಲ್ಲವಲ್ಲ ಎಂದು ಕೇಳಿದವಳು. ವರ್ಷವಿಡೀ ನಾವಿಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದೇವೆ. ಬೆಳಿಗ್ಗೆ ಐದಕ್ಕೆ ಅವಳ ಹತ್ತಿ ಬಡಿಯುವ ಸದ್ದು, ಆರಕ್ಕೆ ಸಹಿಗೆ ಬಂದವರ ಸಾಲು. ಅವರೆಲ್ಲ ಅವಳ ಅಂಗಳದಲ್ಲಿ ಕೂತು, ಅವಳ ಚಹಾ ಕುಡಿದು, ಅವಳ ಕೈಯಲ್ಲಿ ಬೈಸಿಕೊಂಡು, ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಮುಖ್ಯಾಧಿಕಾರಿ ವೀರೇಶ ಹಡಪದ ಅವರಿಗೆ ಸಭೆಯ ನಡುವೆ ಸೀನು ಬರುವುದು ಇದೇ ಕಾರಣಕ್ಕೆ.

ಎಂಟು ದಿನದ ಹಿಂದೆ ಈ ವರ್ಷದ ಅಳತೆಯ ಫಲ ಬಂತು. ಮತ್ತೆ ೭/೧೧೪. ಸತತ ಮೂರನೇ ವರ್ಷ. ನನಗೆ ಅನುಮಾನ ಬಂತು. ನಲ್ಲಿ ಅಂಗಳದಲ್ಲೇ ಇದೆ, ದೀಪ ಬಾಗಿಲಲ್ಲೇ ಇದೆ, ಮನೆ ಹಿಂದೆ ಬಿದ್ದದ್ದು ಗಟಾರ ಒಂದರಿಂದಲೇ. ಅದು ಮೂರು ವರ್ಷದಿಂದ ಕಟ್ಟಿಕೊಂಡು ನಿಂತಿದೆ, ಪುರಸಭೆಯವರು ಮೇಲಿನ ಕಸ ಎಷ್ಟು ತೆಗೆದರೂ ಬಿಟ್ಟುಕೊಳ್ಳುವುದಿಲ್ಲ. ಒಳಹೊತ್ತು ಮುಗಿದ ಕೂಡಲೇ ಸೀರೆ ಎತ್ತಿ ಕಟ್ಟಿ ನಾನೇ ಇಳಿದು ಕೈ ಹಾಕಿದೆ. ಓಣಿಯ ಕೊನೆಯ ಮೋರಿಯ ಬಾಯಲ್ಲಿ ಹತ್ತಿ ತುಂಬಿದ ದಪ್ಪ ಚೀಲ ಸಿಕ್ಕಿತು. ಹೊಲಿಗೆ ಯಾರದ್ದೆಂದು ಕೇಳುವ ಅಗತ್ಯವಿರಲಿಲ್ಲ. ಜೈತುನಬಿ ಅಲ್ಲೇ ನಿಂತಿದ್ದಳು, ತಪ್ಪಿಸಿಕೊಳ್ಳಲೂ ಇಲ್ಲ.

“ನೀವ್ ಇರೂತನಕ ಕಸದ ಗಾಡಿ ದಿನಾ ಬರತೈತಿ, ಡಾಕ್ಟರ್ ವಾರಕ್ಕೊಮ್ಮಿ ಬರ್ತಾರ. ನೀವ್ ಹ್ವಾದ ಮ್ಯಾಲ ಯಾರ್ ಬರ್ತಾರ್ರಿ? ಅದಕ್ಕ ಓಣ್ಯಾಗ ಎಲ್ಲಾರೂ ಕೂಡಿ ತುರುಕೀವಿ.”

ಕಡೆಯಲ್ಲಿ ಉಳಿಯುವುದಕ್ಕೆ ಇಡೀ ಓಣಿ ಮೂರು ವರ್ಷ ನಾತ ಕುಡಿದಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟಂತೂ ನೆತ್ತಿಗೇರಿತ್ತು. ಮಹಾದೇವಕ್ಕನ ಹಾಳೆಗೆ ಮೋಸ ಮಾಡಿದ್ದೀರಿ, ನಿಜವಾಗಿ ಕಡೆಯಲ್ಲಿರುವ ಯಾರದ್ದೋ ಸರದಿ ಕದ್ದಿದ್ದೀರಿ ಎಂದು ಎಲ್ಲರಿಗೂ ಕೇಳುವಂತೆ ಬೈದು ಚೀಲ ಕಿತ್ತು ಬಿಸಾಕಿದೆ. ಮೂರು ವರ್ಷ ನಿಂತ ಕಪ್ಪು ನೀರು ಒಮ್ಮೆಲೇ ಹರಿಯಿತು. ನಾಲ್ಕಾರು ಮಂದಿ ಚಪ್ಪಾಳೆ ಕೂಡ ತಟ್ಟಿದರು. ನಾನು ಗೆದ್ದವಳಂತೆ ಗಟಾರದ ಜೊತೆಜೊತೆಗೇ ನಡೆದೆ, ಇದು ಎಲ್ಲಿಗೆ ಹೋಗಿ ಸೇರುತ್ತದೆ ನೋಡಿಯೇ ಬಿಡೋಣ ಎಂದು. ಇಷ್ಟು ವರ್ಷ ಪುರಸಭೆಯಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

ಗಟಾರ ಊರಿನ ಗಡಿಕಲ್ಲು ದಾಟಿ ಇಳಿಜಾರಿಗೆ ಬಿತ್ತು. ಅಲ್ಲಿದೆ ರೆಕ್ಕೆಕೇರಿ.

ನಿಮ್ಮ ಕಚೇರಿಯ ಕಿಟಕಿಯಿಂದ ಗುಡ್ಡದ ಮೇಲಿನ ವಿದ್ಯುತ್ತಿನ ಗಾಳಿಗಂಬಗಳು ಕಾಣುತ್ತವಲ್ಲ, ಬೆಳ್ಳಗೆ, ಹೊಸದಾಗಿ. ಅವು ಹಳೆಯವಾದವು, ಅವುಗಳ ಜಾಗಕ್ಕೆ ಬಂದವೂ ಹಳೆಯವಾದವು. ಕಂಬದ ಕಬ್ಬಿಣವನ್ನು ಜನ ಒಯ್ಯುತ್ತಾರೆ, ರೆಕ್ಕೆ ಮಾತ್ರ ಯಾರಿಗೂ ಬೇಡ. ಅದು ಕೊಳೆಯುವುದಿಲ್ಲ, ಕರಗುವುದಿಲ್ಲ, ಸುಟ್ಟರೆ ಊರಿಗೇ ಕೆಮ್ಮು. ಮೂವತ್ತೊಂದು ವರ್ಷದ ಹಿಂದೆ ಅವನ್ನು ಕೊಯ್ದು ತುಂಡು ಮಾಡಲು ಬೇರೆ ಬೇರೆ ತಾಂಡಾಗಳಿಂದ ಕೆಲವು ಕುಟುಂಬಗಳನ್ನು ಕರೆತಂದರು. ಕೆಲಸ ಮುಗಿಯುವ ತನಕ ಎಂದಿದ್ದರು. ಕೆಲಸ ಮುಗಿಯಲಿಲ್ಲ, ಅವರು ಟೊಳ್ಳು ರೆಕ್ಕೆಗಳೊಳಗೇ ಸಂಸಾರ ಹೂಡಿದರು. ಬುಡದ ತುಂಡಿನಲ್ಲಿ ದೊಡ್ಡವರು ನಿಲ್ಲಬಹುದು. ಒಳಗೆ ಹೋದಂತೆ ಬಗ್ಗಬೇಕು, ಆಮೇಲೆ ತೆವಳಬೇಕು. ಒಲೆ ಬಾಯಲ್ಲಿ, ಪಾತ್ರೆ ನಡುವೆ, ಮಕ್ಕಳ ಹಾಸಿಗೆ ತುದಿಯಲ್ಲಿ. ಕೊಯ್ದಾಗ ಏಳುವ ನಾರಿನ ಪುಡಿ ಮೈಗೆ ಕೂತರೆ ಮೂರು ದಿನ ಕೆರೆತ. ಅದನ್ನು ತೊಳೆಯಲು ನೀರು ಬೇಕು, ಹತ್ತಿರದ ನಲ್ಲಿ ಗೌಂಡೇರ ಓಣಿಯದ್ದು, ಆ ಓಣಿಯವರು ಮೊದಲು ತಮ್ಮ ಕೊಡ ತುಂಬಿಸಿಕೊಳ್ಳುತ್ತಾರೆ. ಒಟ್ಟು ನಲವತ್ತಾರು ರೆಕ್ಕೆ.

ನಾನು ಹೋಗುವಷ್ಟರಲ್ಲಿ ನಾನೇ ಬಿಟ್ಟ ನೀರು ನನಗಿಂತ ಮೊದಲು ತಲುಪಿತ್ತು. ಇಳಿಜಾರಿನ ಕಡೆಯ ಒಂಬತ್ತು ರೆಕ್ಕೆಗಳ ಬಾಯೊಳಗೆ ನುಗ್ಗಿತ್ತು. ಒಲೆಯ ಬೂದಿ, ಹಿಟ್ಟಿನ ಡಬ್ಬ, ಒಂದು ಮಗುವಿನ ಪಾಟಿಚೀಲ ಕಪ್ಪು ನೀರಿನಲ್ಲಿ ಮುಳುಗಿದ್ದವು. ಲಾಲಿಬಾಯಿ ಎಂಬ ಹೆಂಗಸು, ನನ್ನದೇ ವಯಸ್ಸಿನವಳು, ತಗಡಿನ ತಟ್ಟೆಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ನನ್ನ ಮೊಣಕಾಲಿನ ತನಕದ ಕೆಸರು ನೋಡಿ ಅವಳಿಗೆ ಅರ್ಥವಾಯಿತು. ಮೇಲೆ ಗಟಾರ ಕಟ್ಟಿಕೊಂಡಾಗಿನಿಂದ ಮೂರು ವರ್ಷ ಹೊಟ್ಟೆ ತಣ್ಣಗಿತ್ತು, ಹುಡುಗರಿಗೆ ಭೇದಿ ಆಗಿರಲಿಲ್ಲ ಎಂದಳು. ಬೈಯಲಿಲ್ಲ. ನಾನು, ನೀವು ಇಲ್ಲಿರುವುದನ್ನು ಹೆಜ್ಜೆಗಾರರು ಯಾಕೆ ಬರೆದುಕೊಂಡಿಲ್ಲ ಎಂದು ಕೇಳಿದೆ. ಅವಳು ತಟ್ಟೆ ಕೆಳಗಿಟ್ಟು ನನ್ನನ್ನು ನೋಡಿದಳು.

“ವರ್ಷಾ ಬರ್ತಾರ್ರಿ. ಕೊಡಾ ಹೊತ್ತು ಬಂದು, ನಿಮ್ಮನಿ ಮೂಲಿ ಎಲ್ಲೈತಿ ಅಂತ ಕೇಳ್ತಾರ. ರೆಕ್ಕಿಗೆ ಮೂಲಿ ಎಲ್ಲಿಂದ ತರೂಣ್ರಿ, ಅಕ್ಕಾರ?”

ಅರ್ಥವಾಯಿತೇ, ಮಹಾದೇವಕ್ಕ? ನಿಮ್ಮ ಹದಿಮೂರು ಪ್ರಶ್ನೆಗಳೂ ಮನೆಯ ಮೂಲೆಯಿಂದ ಶುರುವಾಗುತ್ತವೆ. ಯಾಕೆ ಮೂಲೆ ಎಂದಿರಿ ಎಂಬುದೂ ನಮಗೆ ಗೊತ್ತು, ಶಾಲೆಯಲ್ಲಿ ಕಲಿಸುತ್ತಾರೆ. ಬಾಗಿಲಿನಿಂದ ಎಂದಿದ್ದರೆ ದೊಡ್ಡ ಮನೆಯವರು ದೂರದ ಹಿತ್ತಿಲ ಬಾಗಿಲು ತೋರಿಸಿ ಹೆಜ್ಜೆ ಹೆಚ್ಚು ಮಾಡಿಕೊಳ್ಳುತ್ತಿದ್ದರು. ಬೀದಿಗೆ ಹತ್ತಿರದ ಮೂಲೆ ಎಂದರೆ ಆ ಆಟ ನಡೆಯದು. ನೀವು ಬಡವರಿಗೆ ಅನ್ಯಾಯವಾಗದಿರಲೆಂದೇ ಆ ಪದ ಹುಡುಕಿದ್ದು. ಆದರೆ ನಿಮ್ಮ ಮೇಲಿನ ಗೌರವಕ್ಕೆ ನಾವು ಮುಂದೆ ಅದನ್ನು ನಿಯಮ ಮಾಡಿದೆವು: ಮೂಲೆ ಇದ್ದದ್ದು ಮನೆ, ಇಲ್ಲದ್ದು ಮನೆಯಲ್ಲ. ಮನೆಯಲ್ಲದ್ದಕ್ಕೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದ್ದಕ್ಕೆ ಅಳತೆ ಇಲ್ಲ. ಮೂವತ್ತೊಂದು ವರ್ಷ ಪ್ರಾಮಾಣಿಕರಾದ ಹೆಜ್ಜೆಗಾರರು ತುಂಬಿದ ಕೊಡ ಹೊತ್ತು ಅಲ್ಲಿಗೆ ಹೋಗಿ, ಮೂಲೆ ಹುಡುಕಿ, ಸಿಗದೆ, ಮನೆ ಇಲ್ಲ ಎಂದು ಬರೆದು ವಾಪಸು ಬಂದಿದ್ದಾರೆ. ಕೊಡದ ನೀರನ್ನಾದರೂ ಅಲ್ಲಿ ಕೊಟ್ಟು ಬಂದರೇ ಎಂದು ಕೇಳಿದೆ. ಕೊಟ್ಟಿಲ್ಲ. ಅದು ಅಳತೆಯ ನೀರು.

ಅವತ್ತು ಸಂಜೆ ನಾನು ಏನು ಮಾಡಿದೆ ಗೊತ್ತೇ? ವಾಪಸು ಹೋಗಿ, ಬಿಸಾಕಿದ ಚೀಲ ಹುಡುಕಿ, ಕಿತ್ತ ಕೈಯಿಂದಲೇ ಮತ್ತೆ ಮೋರಿಗೆ ತುರುಕಿದೆ. ಬೈಸಿಕೊಂಡ ಜೈತುನಬಿಯೇ ಪಕ್ಕದಲ್ಲಿ ನಿಂತು ಕಾಲಿನಿಂದ ಒತ್ತಿ ಕೊಟ್ಟಳು. ಕೆಳಗೆ ಜನರಿದ್ದಾರೆಂದು ಅವಳಿಗೂ ಗೊತ್ತಿತ್ತು, ಚೀಲದಿಂದ ಅವರಿಗೆ ಒಳ್ಳೆಯದಾಗುತ್ತಿದೆ ಎಂದು ಮಾತ್ರ ಯೋಚಿಸಿರಲಿಲ್ಲವಂತೆ. ಹೀಗೆ ಈಗ ೭/೧೧೪ರ ಗಟಾರ ಅಧ್ಯಕ್ಷರ ಸ್ವಂತ ಕೈಯಿಂದ ಕಟ್ಟಿದೆ. ಅಂದರೆ ನಿಯಮದ ಪ್ರಕಾರ ಅದೇ ಕಡೆಮನೆ.

ಮರುದಿನ ತುರ್ತು ಸಭೆ ಕರೆದೆ. ರೆಕ್ಕೆಕೇರಿಯನ್ನು ಅಳೆಯಬೇಕು, ಹಾಳೆಯ ಆ ಒಂದು ಪದ ತಿದ್ದಬೇಕು ಎಂದೆ. ವೀರೇಶ ಹಡಪದ ಕೆಟ್ಟ ಮನುಷ್ಯನಲ್ಲ. ಅವತ್ತೇ ಟ್ಯಾಂಕರಿನಲ್ಲಿ ಕುಡಿಯುವ ನೀರು ಕಳಿಸಿದ್ದ, ತಾನೇ ಹೋಗಿ ನಿಂತಿದ್ದ. ಆದರೆ ಅಳತೆಯ ಮಾತು ಬಂದಾಗ ಅವನ ಮುಖ ಬಾಡಿತು.

“ಅಧ್ಯಕ್ಷರ, ನನ್ನ ಕಣ್ಣಿಗೂ ಕಾಣತೈತಿ. ಆದ್ರ ಮೊದಲ್ನೇ ಹೆಜ್ಜಿ ಎಲ್ಲಿಂದ ಇಡ್ಲಿ ಹೇಳ್ರಿ?”

ಸದಸ್ಯರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವಳು ನನ್ನ ತಂಗಿಯ ಮಗಳು ಗಿರಿಜವ್ವ, ನಮ್ಮ ಕೆಳಗಿನ ಕೇರಿಯ ಸದಸ್ಯೆ. ನನ್ನ ತೊಡೆಯ ಮೇಲೆ ಬೆಳೆದವಳು. ಅವಳು ಕೂಗಾಡಲಿಲ್ಲ, ಅದೇ ನನಗೆ ಕಷ್ಟವಾಯಿತು. “ದೊಡ್ಡವ್ವ, ಇವತ್ತ ನೀ ಒಳ್ಳೇದಕ್ಕ ಆ ಹಾಳಿಗೆ ಕೈ ಹಚ್ಚತಿ. ನಾಳೆ ಬ್ಯಾರೆದವರು ಕೈ ಹಚ್ಚತಾರ. ನಮ್ಮ ಕೇರಿಗೆ ನೀರ ಕೊಟ್ಟಿದ್ದು ಅದೊಂದ ಹಾಳಿ.” ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಹಾಳೆಯನ್ನು ಹರಿಯಲು ಕಾದವರು ಈ ಊರಿನಲ್ಲಿ ಯಾವತ್ತೂ ಇದ್ದರು, ಈಗಲೂ ಇದ್ದಾರೆ. ಅದಕ್ಕೇ ನಾವು ಅದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು, ಸಭೆಗೆ ಮೊದಲು ಎದ್ದು ನಿಂತು ಓದುತ್ತೇವೆ. ಮತಕ್ಕೆ ಹಾಕಿದಾಗ ನನ್ನ ಕೈ ಬಿಟ್ಟರೆ ಮೇಲೆದ್ದದ್ದು ಎರಡೇ ಕೈ. ಎದ್ದು ಹೊರಗೆ ಬಂದಾಗ ಗೋಡೆಯ ಮೇಲೆ ನಿಮ್ಮ ನೀಲಿ ಬಾಲ್‌ಪೆನ್ನಿನ ಅಕ್ಷರ ನೋಡಿ, ಮೊದಲ ಸಲ, ನಿಮ್ಮ ಮೇಲೆ ಕೋಪ ಬಂತು. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ನನಗೆ ಅನ್ನ ಸೇರುವುದಿಲ್ಲ.

ಈಗ ಗಾಡಿಯ ವಿಷಯ. ಬಲಕ್ಕೆ ತಿರುಗಿಸಿದರೆ ಓಣಿ ಒಂದು ಸುತ್ತು ಹಾಕಿ ಮತ್ತೆ ೭/೧೧೪ರ ಬಾಗಿಲಿಗೇ ಬರುತ್ತದೆ. ಅದೇ ಮನೆಯಾದರೂ ಶಾಸ್ತ್ರಕ್ಕೆ ಒಂದು ಸುತ್ತು ಹೋಗಿ ಬರಬೇಕು. ನನ್ನ ಅವಧಿ ಇನ್ನೊಂದೂವರೆ ವರ್ಷ ಉಳಿದಿದೆ. ಕುರ್ಚಿಯಲ್ಲಿದ್ದುಕೊಂಡು ಒಬ್ಬೊಬ್ಬರನ್ನಾಗಿ ಒಲಿಸಿಕೊಂಡು, ಈ ವರ್ಷವೋ ಮುಂದಿನ ವರ್ಷವೋ ಆ ಪದ ತಿದ್ದಿಸಬಹುದು. ತಿಳಿದವರೆಲ್ಲ ಹೇಳುವುದು ಇದನ್ನೇ. ಎಡಕ್ಕೆ ತಿರುಗಿಸಿದರೆ ರೆಕ್ಕೆಕೇರಿ. ಅಲ್ಲಿ ಫಲಕ ತೂಗಿದ ಕ್ಷಣ ನನ್ನ ಪದವಿ ಹೋಗುತ್ತದೆ. ಆದರೆ ಅದಕ್ಕೆ ಆದೇಶವಾಗಿ, ನೋಟಿಸು ಬಂದು, ಬೇರೆಯವರು ಕೂರುವುದಕ್ಕೆ ಮೂರು ದಿನ ಬೇಕು. ಆ ಮೂರು ದಿನ ಸಹಿ ಬೇಕಾದವರೆಲ್ಲ ಇಳಿಜಾರು ಇಳಿದು, ರೆಕ್ಕೆಯೊಳಗೆ ಬಗ್ಗಿ ನಿಲ್ಲಬೇಕು. ಗಿರಿಜವ್ವನೂ ಬರಬೇಕು, ವೀರೇಶನೂ ಬರಬೇಕು, ನಾರಿನ ಪುಡಿಗೆ ಮೈ ಕೆರೆದುಕೊಂಡು ಹೋಗಬೇಕು. ಒಮ್ಮೆ ಅಲ್ಲಿ ಬಗ್ಗಿ ನಿಂತವರು ಮತ್ತೆ ಮೂಲೆ ಎಲ್ಲಿ ಎಂದು ಕೇಳಲಾರರು ಎಂದು ನನ್ನ ಆಸೆ. ಕೇಳಿದರೂ ಕೇಳಬಹುದು. ಆಗ ರೆಕ್ಕೆಕೇರಿಗೆ ಮನೆಯೂ ಇಲ್ಲ, ಸಭೆಯಲ್ಲಿ ಅವರ ಪರ ಮಾತಾಡುವ ನಾನೂ ಇಲ್ಲ. ಎಂಟು ದಿನದಿಂದ ಇದೇ ಗಾಣ ಸುತ್ತುತ್ತಿದ್ದೇನೆ. ಮೊದಲ ಮಳೆ ಬಂದರೆ ಯಾವ ಚೀಲವೂ ಆ ನೀರನ್ನು ತಡೆಯುವುದಿಲ್ಲ, ಅದಕ್ಕೆ ಮೂರೇ ತಿಂಗಳಿದೆ.

ನಿಜ ಹೇಳುತ್ತೇನೆ, ಈ ಪತ್ರ ಬರೆಯಲು ಕೂತದ್ದು ಒಂದು ಕಳ್ಳ ಆಸೆಯಿಂದ. ನಾಳೆ ನೀವು ಮನೆಯ ಮೂಲೆಯಿಂದ ಎಂದು ಬರೆಯುವ ಬದಲು, ಜನ ತಲೆಯಿಟ್ಟು ಮಲಗುವ ಜಾಗದಿಂದ ಎಂದು ಬರೆದುಬಿಟ್ಟರೆ ನನಗೆ ಈ ಗಾಡಿಯ ಸಂಕಟವೇ ಇರುವುದಿಲ್ಲವಲ್ಲ ಎಂದು. ನನ್ನ ಕಷ್ಟವನ್ನು ಇನ್ನೂರು ವರ್ಷ ಹಿಂದೆ ದಾಟಿಸಿ ನಾನು ಕುರ್ಚಿ ಉಳಿಸಿಕೊಳ್ಳಬೇಕೆಂದು. ಬರೆಯುತ್ತ ಬರೆಯುತ್ತ ನನಗೇ ನಾಚಿಕೆಯಾಯಿತು. ಹಾಗೆ ಬರೆದರೂ ನಾವು ಅದನ್ನೂ ಗಾಜಿನೊಳಗಿಟ್ಟು ಎದ್ದು ನಿಂತು ಓದುತ್ತಿದ್ದೆವು. ಬೇರೆ ಯಾರೋ, ತಲೆಯಿಡಲು ಒಂದೇ ಜಾಗವಿಲ್ಲದವರು, ನಮ್ಮ ಹೆಜ್ಜೆಗಾರರ ಮುಂದೆ ನಿಂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ತಪ್ಪು ಮೂಲೆಯಲ್ಲಿಲ್ಲ. ಅದಕ್ಕೆ ಗಾಜು ಹಾಕಿ ಮೊಳೆ ಹೊಡೆದವರು ನಾವು.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಹದಿಮೂರೂ ಪ್ರಶ್ನೆ ಹೇಗೆ ಬರೆಯಬೇಕೆಂದಿದ್ದೀರೋ ಹಾಗೇ ಬರೆಯಿರಿ. ಮೂಲೆ ಎಂದೇ ಬರೆಯಿರಿ, ನಿಮ್ಮ ಊರಿಗೆ ಅದು ಸರಿ. ಆದರೆ ಆ ನೀಲಿ ಬಾಲ್‌ಪೆನ್ನು ಪಕ್ಕಕ್ಕಿಟ್ಟು ಪೆನ್ಸಿಲಿನಲ್ಲಿ ಬರೆಯಿರಿ. ರಬ್ಬರನ್ನೂ ದಾರ ಕಟ್ಟಿ ಹಾಳೆಗೆ ಜೋತುಬಿಡಿ. ಅದನ್ನು ನೋಡಿದವರಿಗೆ, ಇದನ್ನು ಬರೆದಾಕೆ ಅಳಿಸುವವರಿಗೂ ಜಾಗ ಬಿಟ್ಟಿದ್ದಳು ಎಂದು ತಿಳಿಯುತ್ತದೆ. ಹರಿಯಲು ಕಾದವರು ಹರಿಯುವುದಕ್ಕೆ ಪೆನ್ನು ಪೆನ್ಸಿಲು ನೋಡುವುದಿಲ್ಲ ಎಂದು ಗಿರಿಜವ್ವನಿಗೆ ಆಗ ಹೇಳಬೇಕಿತ್ತು, ನನಗೆ ಹೊಳೆದದ್ದು ಈಗ.

ಜೈತುನಬಿ ಎದ್ದಿದ್ದಾಳೆ, ಪಾತ್ರೆಗಳ ಸದ್ದು ಕೇಳುತ್ತಿದೆ. ನಾಲ್ಕಕ್ಕೆ ಇನ್ನು ಸ್ವಲ್ಪವೇ ಹೊತ್ತಿದೆ. ಮೊನ್ನೆ ಸಂಜೆ ನಾನು ಮೊಳೆ, ಸುತ್ತಿಗೆ ಹಿಡಿದು ಸುಮ್ಮನೆ ಕೇಳಿ ಬರಲೆಂದು ಲಾಲಿಬಾಯಿಯ ಹತ್ತಿರ ಹೋಗಿದ್ದೆ. ಫಲಕ ತೂಗುವುದಾದರೆ ಎಲ್ಲಿ ಹೊಡೆಯಬಹುದು ಎಂದೆ. ಅವಳು ರೆಕ್ಕೆಯ ಮೈ ಸವರಿ, ಇದಕ್ಕೆ ಮೊಳೆ ಹೊಡೆದರೆ ಸೀಳು ಬಿಟ್ಟು ಒಳಗೆಲ್ಲ ಪುಡಿ ಉದುರುತ್ತದೆ, ಮಕ್ಕಳು ಮಲಗುವ ಜಾಗ ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಹಗ್ಗವಿದ್ದರೆ ಸುತ್ತಿ ಕಟ್ಟಬಹುದು ಎಂದಳು.

ಸೈರನ್ ಕೂಗಿತು. ಜೈತುನಬಿ ಬಾಗಿಲು ತೆಗೆದಳು. ಗಾಡಿಯ ಹಿಡಿ ಅವಳ ಕೈಯಲ್ಲಿದೆ. ಬೂದು ಪೆಟ್ಟಿಗೆ ದಾರಿಯಲ್ಲೇ ಸಿಗುತ್ತದೆ, ಇದನ್ನು ಅದಕ್ಕೆ ಹಾಕಿ ಮುಂದೆ ಹೋಗುತ್ತೇವೆ. ಎತ್ತ ಎಂದು ಅವಳು ಕೇಳಲಿಲ್ಲ. ಹಾಸಿಗೆ ಕಟ್ಟುವ ಅವಳ ಉದ್ದನೆಯ ಹಗ್ಗವನ್ನು ನಾನು ಗೂಟದಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದನ್ನು ನೋಡಿದಳು.

ನಿಮ್ಮ,
ರೇಣವ್ವ ಬಾರಕೇರ
ಇನ್ನು ಮೂರು ದಿನದ ಮಟ್ಟಿಗೆ ಅಧ್ಯಕ್ಷೆ, ಹುಲಿಕೊಳ್ಳ ಪುರಸಭೆ